ನಾಲ್ಕು ತಂತಿಯವನ ತಡ

"ಬುದ್ಧಿ, ತಕ್ಕ ಜೊತೆಗಾರ ಸಿಗುವವರೆಗೆ ನಾನು ಒಬ್ಬನೇ ಹಾಡಿದರೆ ತಪ್ಪೇ?"

ಕೇಳಿದವನು ಚನ್ನವೀರ. ಸಂಜೆಯ ಪ್ರಾರ್ಥನೆಯನ್ನು ಇಬ್ಬರು ಕೂಡಿ ಹಾಡುವುದು ಆ ಮಠದ ಪದ್ಧತಿ. ಆರು ವರ್ಷದಿಂದ ಚನ್ನವೀರನ ಜೊತೆ ಹಾಡುತ್ತಿದ್ದವನು ಮಾದಪ್ಪ. ಚನ್ನವೀರನದು ದೊಡ್ಡ ಕಂಠ. ಅದನ್ನು ಕೇಳಲೆಂದೇ ಸುತ್ತಲಿನ ಊರುಗಳಿಂದ ಜನ ಬರುತ್ತಿದ್ದರು. ಮಾದಪ್ಪನ ಹಾಡು ಕೇಳಲು ಬಂದವರು ಯಾರೂ ಇರಲಿಲ್ಲ.

ಗುರುಗಳು ಜಗುಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ತಲೆ ಎತ್ತದೆ ಕೇಳಿದರು.

"ಮಾದಪ್ಪ ಏನು ಮಾಡಿದ?"

"ಸಾಲಿನ ಕೊನೆಯನ್ನು ಎಳೆಯುತ್ತಾನೆ, ಬುದ್ಧಿ. ನಾನು ಮುಗಿಸಿದರೂ ಅವನು ಮುಗಿಸುವುದಿಲ್ಲ. ಎಷ್ಟು ಸಲ ಹೇಳಿದ್ದೇನೆ. ಆಗಲಿ ಅನ್ನುತ್ತಾನೆ, ಮತ್ತೆ ಎಳೆಯುತ್ತಾನೆ. ಅವನನ್ನು ಹೊತ್ತುಕೊಂಡು ಹಾಡಿ ಹಾಡಿ ನನಗೆ ಸಾಕಾಗಿದೆ. ನಾಳೆಯಿಂದ ಅವನನ್ನು ಅಡುಗೆಮನೆಯ ಕೆಲಸಕ್ಕೇ ಬಿಟ್ಟುಬಿಡಿ."

ಮಾದಪ್ಪ ಆಗ ಅಲ್ಲಿರಲಿಲ್ಲ. ಒಲೆಗೆ ಸೌದೆ ಒಡೆಯಲು ಹಿತ್ತಲಿಗೆ ಹೋಗಿದ್ದ.

"ಕೂತುಕೋ" ಅಂದರು ಗುರುಗಳು. "ನೀನೂ ನಾಲ್ಕು ಕಾಯಿ ಸುಲಿ. ಕೈಗೆ ಕೆಲಸವಿದ್ದರೆ ಬಾಯಿ ಸುಮ್ಮನಿರುತ್ತದೆ. ಒಂದು ರಾಕ್ ಬ್ಯಾಂಡಿನ ಕತೆ ಹೇಳುತ್ತೇನೆ."

ಸುತ್ತ ಕೂತಿದ್ದ ಶಿಷ್ಯರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಏನು ನೋಡುತ್ತೀರಿ? ನಾನೇನು ಕಾವಿ ಉಟ್ಟುಕೊಂಡೇ ಹುಟ್ಟಿದೆನೇ?" ಅಂದರು ಗುರುಗಳು. ಆಮೇಲೆ ಈ ಕತೆ ಹೇಳಿದರು.

ಒಂದು ದೊಡ್ಡ ಪಟ್ಟಣದಲ್ಲಿ ನಾಲ್ವರು ಗೆಳೆಯರಿದ್ದರು. ಒಬ್ಬ ಹಾಡುವವನು, ಒಬ್ಬ ಗಿಟಾರಿನವನು, ಒಬ್ಬ ಡ್ರಮ್ಮಿನವನು, ಒಬ್ಬ ಬೇಸಿನವನು. ಅವರ ಹೆಸರು ನಾನು ಹೇಳುವುದಿಲ್ಲ. ಹೆಸರು ಹೇಳಿದರೆ ತಪ್ಪನ್ನೆಲ್ಲ ಅವರ ತಲೆಗೆ ಕಟ್ಟಿ ನೀವು ಹಾಯಾಗಿ ಎದ್ದು ಹೋಗುತ್ತೀರಿ.

ಗಿಟಾರು ನೀವು ನೋಡಿದ್ದೀರಿ. ಬೇಸ್ ಅದರ ಅಣ್ಣನಂಥದು. ನಾಲ್ಕೇ ತಂತಿ, ನಾಲ್ಕೂ ದಪ್ಪ. ಅದರ ದನಿ ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ಕೇಳುವವರು ಹಾಡನ್ನು ಹೊಗಳುತ್ತಾರೆ, ಗಿಟಾರಿಗೆ ಶಿಳ್ಳೆ ಹಾಕುತ್ತಾರೆ, ಡ್ರಮ್ಮಿಗೆ ಕುಣಿಯುತ್ತಾರೆ. ಬೇಸನ್ನು ಯಾರೂ ಹೊಗಳುವುದಿಲ್ಲ. ಉಂಡು ಎದ್ದವನು ಪಾಯಸ ಚೆನ್ನಾಗಿತ್ತು ಅನ್ನುತ್ತಾನೆ. ಉಪ್ಪು ಚೆನ್ನಾಗಿತ್ತು ಅಂದವನನ್ನು ನಾನಂತೂ ಈ ಮಠದಲ್ಲಿ ಕಂಡಿಲ್ಲ.

ಡ್ರಮ್ಮು ಒಂದು ವಾದ್ಯವಲ್ಲ, ಒಂದು ಸಂಸಾರ. ಕೈಗೆ ನಾಲ್ಕಾರು ಡ್ರಮ್ಮು, ಮೇಲೆ ಕಂಚಿನ ತಟ್ಟೆಗಳು. ನೆಲದ ಮೇಲೆ ಒಂದು ದೊಡ್ಡದು. ಅದನ್ನು ಬಲಗಾಲಿನಿಂದ ತುಳಿದು ಬಾರಿಸಬೇಕು. ಹಾಡು ಹೆಜ್ಜೆ ಊರುವುದು ಅಲ್ಲಿಯೇ. ಡ್ರಮ್ಮಿನವನ ಕಾಲು ಬೀಳುವಾಗಲೇ ಬೇಸಿನವನ ಬೆರಳೂ ಬೀಳಬೇಕು. ಆ ಸಂಗೀತದ ಕಟ್ಟುಪಾಡು ಅದು.

ಅವರು ಕನ್ನಡದಲ್ಲಿ ಹಾಡುತ್ತಿದ್ದರು. ಮೊದಮೊದಲು ಜನ ನಕ್ಕರು. ಆಮೇಲೆ ಕುಣಿದರು. ಏಕೆಂದರೆ ಅವರ ಹಾಡಿಗೆ ಬೇರೆ ಯಾರಿಗೂ ಇಲ್ಲದ ಒಂದು ನಡಿಗೆ ಇತ್ತು. ಡ್ರಮ್ಮಿನವನು ಎರಡೂ ಕೈ ಬೀಸಿ ಎಲ್ಲ ಡ್ರಮ್ಮುಗಳ ಮೇಲೆ ಒಂದು ಸುತ್ತು ಹಾಕಿ ಬರುತ್ತಿದ್ದ. ಬಂದು ಇನ್ನೇನು ಹೆಜ್ಜೆ ಬೀಳಬೇಕು ಅನ್ನುವಾಗ ಹಾಡು ಕೂದಲೆಳೆಯಷ್ಟು ತಡೆದು ಆಮೇಲೆ ಇಳಿಯುತ್ತಿತ್ತು. ತುಂಬಿದ ಕೊಡ ಹೊತ್ತವಳು ಹೊಸ್ತಿಲ ಹತ್ತಿರ ಒಂದಿಷ್ಟು ತಡೆದು ಕಾಲಿಡುತ್ತಾಳಲ್ಲ, ಹಾಗೆ. ಆ ತಡೆಗೇ ಜನ ಮರುಳಾಗಿದ್ದರು. ಪತ್ರಿಕೆಯವರು ಡ್ರಮ್ಮಿನವನ ಕಾಲನ್ನು ಹೊಗಳಿ ಬರೆದರು. ಅವನು ಅದನ್ನೆಲ್ಲ ಕತ್ತರಿಸಿ ಒಂದು ಪುಸ್ತಕದಲ್ಲಿ ಅಂಟಿಸಿಟ್ಟುಕೊಂಡ. ನನ್ನ ಕಾಲನ್ನು ಯಾರಾದರೂ ಹೊಗಳಿದ್ದರೆ ನಾನೂ ಅಂಟಿಸಿಟ್ಟುಕೊಳ್ಳುತ್ತಿದ್ದೆ.

ಹೀಗೆ ಹನ್ನೆರಡು ವರ್ಷ ನಡೆಯಿತು. ಬರುಬರುತ್ತಾ ಡ್ರಮ್ಮಿನವನಿಗೆ ಒಂದು ಸಂಶಯ ಹುಟ್ಟಿತು. ಬೇಸಿನವನ ಬೆರಳು ತಡವಾಗಿ ಬೀಳುತ್ತಿದೆ ಅನ್ನಿಸಿತು. ಅನ್ನಿಸಿದ್ದು ಸುಳ್ಳಲ್ಲ. ಒಮ್ಮೆ ಅನ್ನಿಸಿದ ಮೇಲೆ ಅದೊಂದೇ ಕೇಳತೊಡಗಿತು. ತುತ್ತಿನಲ್ಲಿ ಒಂದು ಕಲ್ಲು ಸಿಕ್ಕಿದವನಿಗೆ ಆಮೇಲೆ ಅನ್ನದ ರುಚಿ ಹತ್ತುವುದಿಲ್ಲ. ಮೊದಲು ಕಣ್ಣಿನಲ್ಲಿ ಗದರಿಸಿದ. ಆಮೇಲೆ ಬಾಯಲ್ಲಿ ಗದರಿಸಿದ. ಬೇಸಿನವನು "ಸರಿ ಕಣೋ" ಅನ್ನುತ್ತಿದ್ದ, ಮತ್ತೆ ಹಾಗೆಯೇ ಬಾರಿಸುತ್ತಿದ್ದ.

ಕೊನೆಗೆ ಒಂದು ದಿನ ಪತ್ರಿಕೆಯವನೊಬ್ಬ ನಿಮ್ಮ ಬ್ಯಾಂಡಿನ ಗುಟ್ಟೇನು ಎಂದು ಕೇಳಿದ. ಡ್ರಮ್ಮಿನವನು, ನಮ್ಮ ಬೇಸಿನವನು ಯಾವಾಗಲೂ ತಡ, ಅವನನ್ನು ಎಳೆದುಕೊಂಡು ಹೋಗುವುದೇ ನನ್ನ ಕೆಲಸ ಅಂದುಬಿಟ್ಟ. ಅದು ಅಚ್ಚಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಬೇಸಿನವನು ಅದನ್ನು ಓದಿದ. ವಾದ್ಯವನ್ನು ಪೆಟ್ಟಿಗೆಯಲ್ಲಿಟ್ಟು ಮನೆಗೆ ಹೋದ. ಉಳಿದ ಮೂವರು ಯಾರ ತಪ್ಪು ಎಂದು ಒಂದು ತಿಂಗಳು ಜಗಳವಾಡಿ, ಅವರೂ ಬೇರೆಯಾದರು.

ಇಪ್ಪತ್ತೆರಡು ವರ್ಷ ಕಳೆಯಿತು. ಬೇಸಿನವನು ಲಿಫ್ಟ್ ರಿಪೇರಿಯ ಕೆಲಸ ಹಿಡಿದ. ಗಿಟಾರಿನವನು ಮದುವೆ ಮನೆಗಳ ಆರ್ಕೆಸ್ಟ್ರಾದಲ್ಲಿ ನುಡಿಸಿದ. ಹಾಡುವವನು ಸ್ಕೂಲಿನಲ್ಲಿ ಮೇಷ್ಟ್ರಾದ. ಡ್ರಮ್ಮಿನವನು ಮಕ್ಕಳಿಗೆ ಡ್ರಮ್ಮು ಕಲಿಸುವ ಶಾಲೆ ತೆರೆದ. ಕಟ್ಟುನಿಟ್ಟಿನ ಗುರು ಅನ್ನಿಸಿಕೊಂಡ. ಟಿಕ್ ಟಿಕ್ ಎಂದು ತಾಳ ಹೇಳುವ ಯಂತ್ರವೊಂದನ್ನು ಎದುರಿಗಿಟ್ಟು ದಿನಕ್ಕೆ ಆರು ಗಂಟೆ ಪಾಠ ಮಾಡಿದ. ಮಕ್ಕಳ ಕಾಲು ತಿದ್ದುತ್ತಾ ತಿದ್ದುತ್ತಾ ಅವನ ಕಾಲೂ ತಿದ್ದಿಕೊಂಡಿತು. ಹಾಗೆ ತಿದ್ದಿಕೊಂಡದ್ದು ಅವನಿಗೇ ಗೊತ್ತಾಗಲಿಲ್ಲ. ತಿದ್ದಬೇಕಾದದ್ದು ಇತ್ತು ಎಂದು ಗೊತ್ತಿದ್ದರಲ್ಲವೇ ಗೊತ್ತಾಗುವುದು.

ಹಾಡುವವನಿಗೆ ಅರವತ್ತಾಯಿತು. ಸ್ಕೂಲಿನಿಂದ ನಿವೃತ್ತಿಯೂ ಆಯಿತು. ಸಾಯುವುದರೊಳಗೆ ನಾವು ನಾಲ್ವರು ಕೂಡಿ ಇನ್ನೊಂದು ಸಲ ರೆಕಾರ್ಡ್ ಮಾಡಬೇಕು ಎಂದು ಅವನಿಗೆ ಹಠ ಹತ್ತಿತು. ಮೂವರ ಮನೆಗೂ ಅಲೆದ. ಬಾಗಿಲಲ್ಲಿ ಕೂತ. ಗಿಟಾರಿನವನು ಮೊದಲ ದಿನವೇ ಒಪ್ಪಿದ. ಡ್ರಮ್ಮಿನವನು ಒಂದು ವಾರ ಬಿಟ್ಟು ಒಪ್ಪಿದ. ಬೇಸಿನವನು ಒಂದೇ ಮಾತು ಕೇಳಿದ: "ಅವನು ಬರ್ತಾನಾ?" ಬರುತ್ತಾನೆ ಅಂದಾಗ ಅಟ್ಟದಿಂದ ವಾದ್ಯದ ಪೆಟ್ಟಿಗೆ ಇಳಿಸಿದ.

ಒಬ್ಬ ಅಭಿಮಾನಿ ನಾಲ್ಕು ದಿನಕ್ಕೆ ಸ್ಟುಡಿಯೋ ಗೊತ್ತುಮಾಡಿಕೊಟ್ಟ. ಮೂರು ಹೊಸ ಹಾಡು, ಒಂದು ಹಳೆಯ ಹಾಡು ಎಂದು ತೀರ್ಮಾನವಾಯಿತು. ಹಳೆಯದನ್ನು ನೆನಪು ಮಾಡಿಕೊಳ್ಳಲು ಹಾಡುವವನು ಅದರ ಮೂಲ ಟೇಪನ್ನೂ ಹುಡುಕಿ ತಂದಿದ್ದ. ರೆಕಾರ್ಡಿಂಗಿನವನು ಅದನ್ನು ಕಂಪ್ಯೂಟರಿಗೆ ಹಾಕಿಟ್ಟಿದ್ದ.

ಮೊದಲ ದಿನ ನಾಲ್ವರೂ ಬಂದರು. ಇಬ್ಬರಿಗೆ ಕೂದಲು ಹೋಗಿತ್ತು, ಇಬ್ಬರಿಗೆ ಹೊಟ್ಟೆ ಬಂದಿತ್ತು. ಡ್ರಮ್ಮಿನವನೂ ಬೇಸಿನವನೂ ಕೈ ಕುಲುಕಿದರು. "ಹೇಗಿದೀಯ?" "ಇದೀನಿ." ಇಪ್ಪತ್ತೆರಡು ವರ್ಷಕ್ಕೆ ಅಷ್ಟೇ ಮಾತು. ಸ್ಟುಡಿಯೋದಲ್ಲಿ ಡ್ರಮ್ಮಿಗೆ ಬೇರೆಯೇ ಗಾಜಿನ ಕೋಣೆ. ಅದರ ಸದ್ದು ಬೇರೆಯವರ ಮೈಕಿಗೆ ನುಗ್ಗಬಾರದು ಎಂದು. ಡ್ರಮ್ಮಿನವನು ಗಾಜಿನ ಒಳಗೆ ಕೂತ. ಉಳಿದವರು ಹೊರಗೆ ನಿಂತರು. ಎಲ್ಲರೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡರು. ಬಾರಿಸಿದರು.

ಹಾಡು ಕುಂಟಿತು.

ಮತ್ತೆ ಬಾರಿಸಿದರು. ಮತ್ತೆ ಕುಂಟಿತು. ಎಲ್ಲಿ ಕುಂಟುತ್ತಿದೆ ಎಂದು ರೆಕಾರ್ಡಿಂಗಿನವನು ಕಂಪ್ಯೂಟರಿನ ಪರದೆಯಲ್ಲಿ ತೋರಿಸಿದ. ಪರದೆಯ ಮೇಲೆ ಡ್ರಮ್ಮಿಗೆ ಒಂದು ಗೆರೆ, ಬೇಸಿಗೆ ಒಂದು ಗೆರೆ. ಪ್ರತಿ ಸುತ್ತು ಮುಗಿದು ಹೆಜ್ಜೆ ಬೀಳುವ ಜಾಗದಲ್ಲಿ ಬೇಸಿನ ಗೆರೆ ಹಿಂದೆ ಬಿದ್ದಿತ್ತು. ಡ್ರಮ್ಮಿನ ಗೆರೆ ಇರಬೇಕಾದ ಕಡೆಯೇ ಇತ್ತು.

"ನೋಡಿದ್ರಾ?" ಅಂದ ಡ್ರಮ್ಮಿನವನು. "ನಾನು ಹೇಳಿದ್ರೆ ದ್ವೇಷ ಅಂತಿದ್ರಿ. ಈಗ ಯಂತ್ರಾನೇ ಹೇಳ್ತಿದೆ."

ಬೇಸಿನವನು ಪರದೆಯನ್ನು ಬಹಳ ಹೊತ್ತು ನೋಡಿದ. "ಇನ್ನೊಂದ್ಸಲ ಬಾರಿಸೋಣ" ಅಂದ. ಅವನ ಮುಖದಲ್ಲಿ ನಾಚಿಕೆಯಿತ್ತು. ಇನ್ನೊಂದು ಸಲ ಅಲ್ಲ, ಹದಿನೇಳು ಸಲ ಬಾರಿಸಿದರು. ಬೆರಳು ಸುತ್ತಿನ ಕೊನೆಯಲ್ಲಿ ತಡವಾಗಿಯೇ ಬಿತ್ತು.

ಎರಡನೆಯ ದಿನ ರೆಕಾರ್ಡಿಂಗಿನವನು ಒಂದು ಉಪಾಯ ಹೇಳಿದ. ಯಂತ್ರದಲ್ಲಿ ಬೇಸಿನ ಗೆರೆಯನ್ನು ಹಿಡಿದು ಮುಂದಕ್ಕೆ ಸರಿಸಬಹುದು. ಸರಿಸಿದ. ಎಲ್ಲವೂ ಎಲ್ಲೆಲ್ಲಿ ಇರಬೇಕೋ ಅಲ್ಲಲ್ಲಿ ಕೂತಿತು. ನಾಲ್ವರೂ ಕಣ್ಣು ಮುಚ್ಚಿ ಕೇಳಿದರು. ತಪ್ಪೇ ಇರಲಿಲ್ಲ. ಯಾರ ತಲೆಯೂ ಆಡಲಿಲ್ಲ. ಹಾಡುವವನು "ಬೇಡ, ಅಳಿಸಿಬಿಡಿ" ಅಂದ.

ಮೂರನೆಯ ದಿನ ಬೆಳಿಗ್ಗೆ ಡ್ರಮ್ಮಿನವನು ಹಾಡುವವನನ್ನು ಪಕ್ಕಕ್ಕೆ ಕರೆದು ಬೇರೊಬ್ಬ ಬೇಸಿನವನಿಗೆ ಹೇಳಿಟ್ಟಿದ್ದೇನೆ, ಮಧ್ಯಾಹ್ನ ಬರುತ್ತಾನೆ ಅಂದ. ಪಕ್ಕಕ್ಕೆ ಕರೆದರೂ ಆ ಕೋಣೆಯಲ್ಲಿ ಗುಟ್ಟು ನಿಲ್ಲುವುದಿಲ್ಲ. ಅಷ್ಟು ಮೈಕುಗಳಿದ್ದವು. ಬೇಸಿನವನ ಹೆಡ್‌ಫೋನಿನಲ್ಲಿ ಅದು ಕೇಳಿಸಿತು. ಅವನು ಹೆಡ್‌ಫೋನ್ ತೆಗೆದು ಪಂಚೆಯ ಚೂರಿನಿಂದ ತಂತಿ ಒರೆಸತೊಡಗಿದ. "ಅವನು ಹೇಳೋದು ಸರಿ" ಅಂದ. "ಹಾಡು ಆಗಬೇಕು. ನಾನು ಹೋಗ್ತೀನಿ."

ಹಾಡುವವನ ಕಣ್ಣಲ್ಲಿ ನೀರು ಬಂತು. ಇಪ್ಪತ್ತೆರಡು ವರ್ಷ ಕಾದು ಕೂಡಿಸಿದ್ದು ಮೂರೇ ದಿನಕ್ಕೆ ಒಡೆಯುತ್ತಿತ್ತು. ಈ ಸಲ ಒಡೆದರೆ ಇನ್ನೊಂದು ಸಲ ಕೂಡಿಸಲು ಅವರ ಬಳಿ ವಯಸ್ಸು ಉಳಿದಿರಲಿಲ್ಲ.

ಡ್ರಮ್ಮಿನವನು ಕೆಟ್ಟವನಲ್ಲ. ಕತೆ ಕೇಳುವಾಗ ಅವನನ್ನು ಕೆಟ್ಟವನು ಮಾಡಿಕೊಳ್ಳಬೇಡಿ. ಗೆಳೆಯನನ್ನು ಹಾಗೆ ಕಳಿಸಲು ಅವನಿಗೂ ಮನಸ್ಸು ಬರಲಿಲ್ಲ. ತನ್ನದು ಹಗೆಯಲ್ಲ, ನ್ಯಾಯ ಎಂದು ತೋರಿಸಬೇಕಿತ್ತು. ಅದಕ್ಕೇ ಹಳೆಯ ಟೇಪು ಹಾಕಿಸಿದ. ಆ ಟೇಪಿನಲ್ಲಿ ಒಬ್ಬೊಬ್ಬರ ವಾದ್ಯವೂ ಬೇರೆ ಬೇರೆಯಾಗಿ ದಾಖಲಾಗಿರುತ್ತದೆ. ಬೇಕಾದ್ದನ್ನು ಮಾತ್ರ ತೆರೆದು ಕೇಳಬಹುದು. ಆ ಕಾಲದಲ್ಲಿ ಅವರು ಯಾರೂ ಹಾಗೆ ಬಿಡಿಬಿಡಿಯಾಗಿ ಕೇಳಿರಲಿಲ್ಲ. ಹಾಡು ಪೂರ್ತಿ ಕೇಳಿ, ಸಂತೋಷಪಟ್ಟು, ದೋಸೆ ತಿನ್ನಲು ಹೋಗುತ್ತಿದ್ದರು.

"ಗಿಟಾರು, ಬೇಸು, ಎರಡೇ ಹಾಕಿ" ಅಂದ ಡ್ರಮ್ಮಿನವನು.

ಹಾಕಿದರು. ಗಿಟಾರು ನೇರವಾಗಿ ನಡೆಯಿತು. ಸುತ್ತು ಮುಗಿದಲ್ಲೆಲ್ಲ ಬೇಸು ತಡವಾಗಿ ಬಿತ್ತು. ಎಲ್ಲರಿಗೂ ಸ್ಪಷ್ಟವಾಗಿ ಕೇಳಿಸಿತು. ಬೇಸಿನವನು ತಲೆ ತಗ್ಗಿಸಿ ಪೆಟ್ಟಿಗೆಯ ಕೊಂಡಿ ಹಾಕಿದ.

"ಅವತ್ತೂ ಹೀಗೆ, ಇವತ್ತೂ ಹೀಗೆ" ಅಂದ ಡ್ರಮ್ಮಿನವನು. ಗೆದ್ದವನ ದನಿಯಲ್ಲ ಅದು, ಬೇಸರದ ದನಿ.

ಗಿಟಾರಿನವನು ಅಷ್ಟು ದಿನವೂ ಬಾಯಿ ಬಿಟ್ಟವನಲ್ಲ. ಈಗ ಬಿಟ್ಟ. "ಬೇಸ್ ತೆಗೀರಿ. ಗಿಟಾರಿನ ಜೊತೆ ಡ್ರಮ್ಮು ಹಾಕಿ."

ಹಾಕಿದರು. ಗಿಟಾರು ನೇರವಾಗಿ ನಡೆಯಿತು. ಡ್ರಮ್ಮಿನವನ ಹರೆಯದ ಕೈಗಳು ಹಾರಿಕೊಂಡು ಒಂದು ಸುತ್ತು ಬಂದವು. ಎಂಥ ಕೈಗಳವು! ಕೇಳುತ್ತಿದ್ದ ಅರವತ್ತರ ಡ್ರಮ್ಮಿನವನಿಗೇ ರೋಮಾಂಚನವಾಯಿತು. ಕೈಗಳ ಹಿಂದೆ ಕಾಲು ಬಿತ್ತು. ತಡವಾಗಿ ಬಿತ್ತು.

ಅವನ ಮುಖ ಸಪ್ಪಗಾಯಿತು. ಇನ್ನೊಂದು ಸುತ್ತು ಬಂತು. ಕಾಲು ಮತ್ತೆ ತಡವಾಯಿತು. ಇಪ್ಪತ್ತೆರಡು ವರ್ಷ ಮಕ್ಕಳ ತಪ್ಪು ಹಿಡಿದು ಹಿಡಿದು ಹರಿತವಾದ ಕಿವಿ ಅದು. ಅದಕ್ಕೆ ಸುಳ್ಳು ಹೇಳಲಾಗುವುದಿಲ್ಲ. ಆ ಹಾಡಿನಲ್ಲಿ ಮೂವತ್ತೊಂದು ಸುತ್ತು. ಮೂವತ್ತೊಂದು ಸಲವೂ ಅವನ ಕಾಲು ತಡವಾಗಿ ಬಿದ್ದಿತ್ತು. ಕೈಯ ಹಾರಾಟದಲ್ಲಿ ಮೈಮರೆತವನಿಗೆ ಕಾಲು ಎತ್ತಿದ್ದೇ ಬಿದ್ದಂತೆ ಅನ್ನಿಸಿತ್ತು. ಬೇಸಿನ ದನಿ ಬರುವಾಗ, ಇವನು ಯಾಕೆ ಈಗ ಬಂದ ಅನ್ನಿಸಿತ್ತು. ನಿಜಕ್ಕೂ ಅವನ ಕಾಲೂ ಆ ಬೆರಳೂ ಒಂದೇ ಕ್ಷಣಕ್ಕೆ ಬಿದ್ದಿದ್ದವು.

ಯಾರೂ ಹೇಳದೆಯೇ ರೆಕಾರ್ಡಿಂಗಿನವನು ಈಗ ಎಲ್ಲವನ್ನೂ ಕೂಡಿಸಿ ಹಾಕಿದ. ಆ ಹಳೆಯ ನಡಿಗೆ ಕೋಣೆಯೊಳಗೆ ಬಂತು. ಸುತ್ತು ಮುಗಿದು, ತಡೆದು, ಇಳಿಯಿತು. ನಾಲ್ವರ ತಲೆಯೂ ತಾನೇ ಆಡಿತು. ರೆಕಾರ್ಡಿಂಗಿನವನು ತನಗೆ ತಾನೇ ಹೇಳಿಕೊಂಡಂತೆ ಹೇಳಿದ: "ಒಬ್ಬನೇ ತಡ ಆದ್ರೆ ತಪ್ಪು. ಇಬ್ಬರೂ ಕೂಡಿ ತಡ ಆದ್ರೆ ಅದೇ ತಾಳ."

ಡ್ರಮ್ಮಿನವನು ನೆಲದ ಮೇಲೆ ಕೂತುಬಿಟ್ಟ.

"ನಿಂಗೆ ಗೊತ್ತಿತ್ತೇನೋ?"

"ಮೊದಲನೇ ದಿನದಿಂದ ಗೊತ್ತಿತ್ತು" ಅಂದ ಬೇಸಿನವನು.

"ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ ನೀನು ಕಾಲು ನೋಡ್ಕೊಂಡು ಬಾರಿಸ್ತಿದ್ದೆ. ಕಾಲು ನೋಡ್ಕೊಂಡೋನ ಕೈ ಹಂಗೆ ಹಾರಲ್ಲ ಕಣೋ. ನಂಗೆ ಆ ಕೈ ಬೇಕಿತ್ತು. ಅದರ ಜೊತೆ ಬಾರಿಸ್ಬೇಕು ಅಂತಾನೇ ನಾನು ಬೇಸ್ ಹಿಡಿದಿದ್ದು. ಇಲ್ದಿದ್ರೆ ಈ ನಾಲ್ಕು ತಂತೀನ ಯಾರು ಕೇಳ್ತಿದ್ರು?"

"ಪೇಪರಲ್ಲಿ ಹಂಗೆ ಹಾಕ್ಸಿದಾಗ್ಲಾದ್ರೂ ಹೇಳ್ಬೇಕಿತ್ತು."

"ಅವತ್ತು ಕೋಪ ಬಂದಿತ್ತು. ನಾನೇನು ದೇವರಲ್ಲ. ಹೇಳೋಕೆ ನಿಮ್ಮನೆ ಹತ್ರ ಬಂದೂ ಇದ್ದೆ. ಒಳಗೆ ನೀನು ಬಾರಿಸ್ತಿದ್ದೆ. ಕೇಳಿಸ್ಕೊಂಡು ವಾಪಸ್ ಹೋದೆ." ಬೇಸಿನವನು ತನ್ನ ಬಲಗೈಯ ಎರಡು ಬೆರಳು ನೋಡಿಕೊಂಡ. "ಈಗ ನಿನ್ನ ಕಾಲು ಸರಿಹೋಗಿದೆ. ಮೊನ್ನೆ ಮೊದಲನೇ ಸುತ್ತಿಗೇ ಗೊತ್ತಾಯ್ತು. ಖುಷಿನೂ ಆಯ್ತು. ಈ ಬೆರಳಿಗೆ ಹೇಳ್ತಾನೇ ಇದೀನಿ, ಅದು ಕೇಳ್ತಿಲ್ಲ. ನಿನ್ನ ಕಾಯೋದೊಂದೇ ಅದಕ್ಕೆ ಗೊತ್ತಿರೋದು."

ಡ್ರಮ್ಮಿನವನು ಆ ಎರಡು ಬೆರಳು ಹಿಡಿದುಕೊಂಡು ಎರಡೂ ಕಣ್ಣಿಗೆ ಒತ್ತಿಕೊಂಡ. ಗಟ್ಟಿಯಾಗಿ ಅತ್ತ. ಅರವತ್ತರ ಗಂಡಸು ಅಳುವುದನ್ನು ನೋಡಲು ಕಷ್ಟ. ಆದರೂ ಅದು ದುಃಖದ ಅಳುವಲ್ಲ. ತಾನು ಒಬ್ಬನೇ ನಡೆದೆ ಅಂದುಕೊಂಡಿದ್ದ ದಾರಿಯಲ್ಲಿ ಹೆಜ್ಜೆಹೆಜ್ಜೆಗೂ ಒಬ್ಬ ಜೊತೆಗಿದ್ದ ಎಂದು ತಿಳಿದವನ ಅಳು. ಬಯ್ದರೂ ಬಿಡದೆ, ಹೊಗಳಿಕೆಯಲ್ಲಿ ಪಾಲು ಕೇಳದೆ, ತಡವಾದವನು ಎಂಬ ಹೆಸರನ್ನೂ ಹೊತ್ತುಕೊಂಡು ಒಬ್ಬ ಜೊತೆಗಿದ್ದ. ಅಂಥ ಒಬ್ಬ ಸಿಕ್ಕರೆ ಅದಕ್ಕಿಂತ ದೊಡ್ಡ ಸಂಪತ್ತು ಯಾವುದಿದೆ, ನೀವೇ ಹೇಳಿ.

ಹಾಡುವವನು ಹೋಗಿ ಇನ್ನೊಬ್ಬ ಬೇಸಿನವನಿಗೆ ಬರಬೇಡಿ ಎಂದು ಫೋನ್ ಮಾಡಿದ. ಗಿಟಾರಿನವನು ಎಲ್ಲರಿಗೂ ಕಾಫಿ ತಂದ. ಕಾಫಿ ಕುಡಿದು ಮುಗಿಸಿ ಡ್ರಮ್ಮಿನವನು ಎದ್ದ. ತನ್ನ ಡ್ರಮ್ಮುಗಳನ್ನೆಲ್ಲ ಗಾಜಿನ ಕೋಣೆಯಿಂದ ಹೊರಗೆ ಎತ್ತಿಡತೊಡಗಿದ.

ರೆಕಾರ್ಡಿಂಗಿನವನು ಗಾಬರಿಯಾದ. "ಸಾರ್, ಹೊರಗಿಟ್ರೆ ಎಲ್ಲರ ಸೌಂಡೂ ಒಂದ್ರೊಳಗೊಂದು ಬೆರೆತುಹೋಗುತ್ತೆ. ಆಮೇಲೆ ತಪ್ಪಿದ್ರೂ ಬಿಡಿಸಿ ತಿದ್ದೋಕಾಗಲ್ಲ."

"ಬೆರೀಲಿ ಬಿಡಪ್ಪ" ಅಂದ ಡ್ರಮ್ಮಿನವನು.

ಬೇಸಿನವನ ಎದುರಿಗೇ ಕೂತ. ಅವನ ಬೆರಳು ತನಗೆ ಕಾಣುವ ಹಾಗೆ ಕೂತ. ಮೊದಲು ಕಾಲನ್ನು ಬೇಕೆಂದೇ ತಡಮಾಡಿ ನೋಡಿದ. ಆಗಲಿಲ್ಲ. ತಿದ್ದಿಕೊಂಡ ಕಾಲು ಬೇಕೆಂದಾಗ ಕೆಡುವುದಿಲ್ಲ. ಕೆಟ್ಟಂತೆ ನಟಿಸುತ್ತದೆ ಅಷ್ಟೆ. ಆಗ ಇನ್ನೊಂದು ದಾರಿ ಹಿಡಿದ. ಇಷ್ಟು ವರ್ಷ ಅವನು ನನಗೆ ಕಾದ, ಇನ್ನು ನಾನು ಅವನಿಗೆ ಕಾಯುತ್ತೇನೆ, ಅವನ ಬೆರಳು ಬಿದ್ದಾಗ ನನ್ನ ಕಾಲು ಬೀಳಲಿ ಅಂದುಕೊಂಡ. ಅಂದುಕೊಂಡದ್ದನ್ನು ಬಾಯಿಬಿಟ್ಟು ಹೇಳಲಿಲ್ಲ. ಹೇಳದೆ ಮಾಡಬೇಕು ಎಂದು ಅವನಿಗೂ ಆಸೆ.

ಶುರು ಮಾಡಿದರು. ಕೈಗಳು ಸುತ್ತು ಬಂದವು. ಹರೆಯದ ಕೈಗಳಲ್ಲ, ಆದರೂ ಬಂದವು. ಡ್ರಮ್ಮಿನವನು ಬೆರಳು ಬೀಳಲಿ ಎಂದು ಕಾದ. ಬೇಸಿನವನು ಕಾಲು ಬೀಳಲಿ ಎಂದು ಕಾದ. ಇಬ್ಬರೂ ಕಾದರು. ಹಾಡಿನ ನಡುವೆ ದೊಡ್ಡದೊಂದು ಗುಂಡಿ ಬಿತ್ತು. ಹಾಡುವವನು ಬಾಯಿ ತೆರೆದುಕೊಂಡು ಗುಂಡಿಯ ದಂಡೆಯಲ್ಲೇ ನಿಂತ.

ಇಬ್ಬರೂ ಒಬ್ಬರ ಕಣ್ಣು ಒಬ್ಬರು ನೋಡಿದರು. ನಗು ತಡೆಯಲಾಗಲಿಲ್ಲ. ಡ್ರಮ್ಮಿನವನು ಕೋಲು ಬಿಸಾಕಿ ಹೊಟ್ಟೆ ಹಿಡಿದುಕೊಂಡ. ಬೇಸಿನವನು ಗೋಡೆಗೆ ಒರಗಿ ಕಣ್ಣು ಒರೆಸಿಕೊಂಡ. ಇಪ್ಪತ್ತೆರಡು ವರ್ಷದ ಮುನಿಸು ಆ ಗುಂಡಿಯೊಳಗೆ ಬಿದ್ದು ಹೋಯಿತು. ನಕ್ಕು ಮುಗಿಸಿ ಮತ್ತೆ ಶುರು ಮಾಡಿದರು. ಈ ಸಲ ಯಾರೂ ಏನೂ ಅಂದುಕೊಳ್ಳಲಿಲ್ಲ. ಒಬ್ಬರನ್ನೊಬ್ಬರು ನೋಡುತ್ತಾ ಬಾರಿಸಿದರು. ಸುತ್ತು ಮುಗಿಯಿತು. ಕಾಲೂ ಬೆರಳೂ ಕೂಡಿ ಬಿದ್ದವು. ಯಾರು ಯಾರಿಗೆ ಕಾದರು ಎಂದು ಹೇಳುವಂತಿರಲಿಲ್ಲ. ಹಳೆಯ ನಡಿಗೆಯಲ್ಲ ಅದು. ಅದಕ್ಕಿಂತ ನಿಧಾನ, ಅದಕ್ಕಿಂತ ಗಾಢ. ರೆಕಾರ್ಡಿಂಗಿನವನು ಪರದೆ ನೋಡುವುದನ್ನು ಬಿಟ್ಟು ಅವರನ್ನು ನೋಡಿದ.

ಉಳಿದ ಒಂದೂವರೆ ದಿನದಲ್ಲಿ ನಾಲ್ಕು ಹಾಡು ಆಗಲಿಲ್ಲ. ಎರಡೇ ಆದವು. ಎರಡು ಸಾಕು ಎಂದು ಹಾಡುವವನು ಸ್ಟುಡಿಯೋದ ಹೊಸ್ತಿಲು ಮುಟ್ಟಿ ನಮಸ್ಕಾರ ಮಾಡಿದ. ಅವನ ಮುಖದಲ್ಲಿದ್ದ ತೃಪ್ತಿ ನೋಡಿ ಬಾಗಿಲು ಕಾಯುವವನೂ ಕೈ ಮುಗಿದನಂತೆ.

ಹಾಡುಗಳು ಬಿಡುಗಡೆಯಾದವು. ಒಂದು ಪತ್ರಿಕೆಯವರು ಮತ್ತೆ ಬರೆದರು. ಮತ್ತೆ ಡ್ರಮ್ಮಿನವನ ಕಾಲನ್ನೇ ಹೊಗಳಿದರು. ಲೋಕಕ್ಕೆ ಬುದ್ಧಿ ಅಷ್ಟು ಬೇಗ ಬರುವುದಿಲ್ಲ. ಈ ಸಲ ಡ್ರಮ್ಮಿನವನು ಅದನ್ನು ಕತ್ತರಿಸಿ ಅಂಟಿಸಿಕೊಳ್ಳಲಿಲ್ಲ. ಪತ್ರಿಕೆಯನ್ನು ಮಡಿಸಿಕೊಂಡು ಎರಡು ಬಸ್ಸು ಬದಲಾಯಿಸಿ ಬೇಸಿನವನ ಮನೆಗೆ ಹೋದ. ಬಾಗಿಲು ತೆರೆದವನ ಕೈಗೆ ಕೊಟ್ಟು, "ತಗೋ, ನಿಂಗೆ ಬಂದ ಕಾಗದ. ಅಡ್ರೆಸ್ ತಪ್ಪಿ ನಮ್ಮನೆಗೆ ಬಂದ್ಬಿಟ್ಟಿದೆ" ಅಂದ.

ಗುರುಗಳು ಕತೆ ನಿಲ್ಲಿಸಿದರು. ಮಡಿಲಲ್ಲಿದ್ದ ಅವರೆಯ ಸಿಪ್ಪೆಯನ್ನು ಬುಟ್ಟಿಗೆ ಹಾಕಿದರು. ಶಿಷ್ಯರಲ್ಲಿ ಕೆಲವರು ಕಣ್ಣು ಒರೆಸಿಕೊಂಡರು. ಹಿತ್ತಲಿನಿಂದ ಮಾದಪ್ಪ ಸೌದೆ ಒಡೆಯುವ ಸದ್ದು ಕೇಳುತ್ತಿತ್ತು.

ಚನ್ನವೀರ ಕೈಯಲ್ಲಿದ್ದ ಕಾಯಿಯನ್ನು ಕೆಳಗಿಟ್ಟ. ಆಮೇಲೆ ವಿನಯದಿಂದಲೇ ಹೇಳಿದ.

"ಕತೆ ಅರ್ಥವಾಯಿತು, ಬುದ್ಧಿ. ಆದರೆ ನನ್ನ ಹಾಡಿನಲ್ಲಿ ಅಂಥ ದೋಷವಿಲ್ಲ. ಕೇಳಿದವರನ್ನು ಬೇಕಾದರೆ ವಿಚಾರಿಸಿ. ಪ್ರಾರ್ಥನೆ ಶುರುವಾದಲ್ಲಿಂದ ಮುಗಿಯುವವರೆಗೆ ಹಾಡು ಒಂದು ಕ್ಷಣವೂ ಎಲ್ಲಿಯೂ ಕಡಿಯುವುದಿಲ್ಲ."

ಗುರುಗಳು ಅವನ ಮುಖ ನೋಡಿ ಕೇಳಿದರು:

"ಒಂದು ಸಾಲು ಮುಗಿಸಿ ನೀನು ಉಸಿರು ಎಳೆದುಕೊಳ್ಳುತ್ತೀಯಲ್ಲ ಚನ್ನವೀರ, ಆಗ ಹಾಡುತ್ತಿರುವವನು ಯಾರು?"